ಒರೆಗಲ್ಲು ಹೆತ್ತ ಚಿನ್ನ: ಸಂಗೀತ ವಿಮರ್ಶಕನಾಗಿ ಬರ್ನಾರ್ಡ್ ಷಾ

ತರಗತಿಯಲ್ಲಿ ಸಾಹಿತ್ಯವಿಮರ್ಶೆಯ ಪಾಠ ನಡೆಯುವಾಗಲೆಲ್ಲ ವಿದ್ಯಾರ್ಥಿಗಳಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: ‘ಇಷ್ಟೆಲ್ಲ ಬಲ್ಲ ವಿಮರ್ಶಕ ತಾನೇ ಒಂದು ಒಳ್ಳೆಯ ಕೃತಿಯನ್ನು ಏಕೆ ಬರೆಯಬಾರದು?’ ಪ್ರಶ್ನೆಯಲ್ಲಿ ತುಸು ಕುಚೋದ್ಯವಿದ್ದರೂ ಅದು ಹಗುರವಾದುದಲ್ಲ. ಬಹಳ ಹಳೆಯದು ಕೂಡ. ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಪ್ರತಿಭೆಯನ್ನು ಕಾರಯಿತ್ರಿ, ಭಾವಯಿತ್ರಿ ಎಂದು ಇಬ್ಬಗೆಯಾಗಿ ವಿಂಗಡಿಸುತ್ತಾನೆ. ಮೊದಲನೆಯದು ಕವಿಯದು, ಎರಡನೆಯದು ಸಹೃದಯನದು. ಇವೆರಡೂ ಒಬ್ಬನಲ್ಲಿಯೇ ನೆಲಸಬಲ್ಲವೆ ಎಂಬ ಚರ್ಚೆಯನ್ನೆತ್ತಿ, ಚಿನ್ನವನ್ನು ಹೆರುವ ಕಲ್ಲೇ ಬೇರೆ, ಅದನ್ನು ಪರೀಕ್ಷಿಸುವ ಕಲ್ಲೇ ಬೇರೆ ಎಂಬ ಹಿಂದಿನವರ ವಾದವನ್ನು ಅಲ್ಲಿ ಸ್ಮರಿಸುತ್ತಾನೆ. ಗಣಿಯ ಕಲ್ಲಿಗೆ ಒರೆಯುವ ಶಕ್ತಿಯಿಲ್ಲ. ಒರೆಗಲ್ಲಿಗೆ ಹೆರುವ ಶಕ್ತಿಯಿಲ್ಲ. ಹೀಗೆಂದು ಹೇಳಿ ಸುಮ್ಮನಾಗುವುದು ಅಧ್ಯಾಪಕನಿಗೆ ಅನುಕೂಲವಾದ ಉತ್ತರವೇ ಸರಿ. ಆದರೆ ಅದು ನಿಜವಾದ ಉತ್ತರವೆ?

ಅಲ್ಲವೆಂದು ತೋರಿಸಲು ನನಗೆ ಮತ್ತೆ ಮತ್ತೆ ನೆನಪಾಗುವ ಬಾಳು ಜಾರ್ಜ್ ಬರ್ನಾರ್ಡ್ ಷಾನದು. ಷಾ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಬಿಳಿಯ ಗಡ್ಡದ, ಮೊನಚು ನಾಲಗೆಯ, ಎಲ್ಲ ವಿಷಯಗಳ ಮೇಲೂ ಮಾತಿಗೆ ಸಿದ್ಧನಾದ ಮುದುಕ. ಅವನ ನಾಟಕಗಳು ನಮಗೆ ಪಠ್ಯಗಳಾಗಿ ಪರಿಚಿತವಾಗಿವೆ. ಅವನ ಪೀಠಿಕೆಗಳು ನಾಟಕಗಳಿಗಿಂತ ಉದ್ದವೆಂಬ ವಿನೋದವನ್ನೂ ಕೇಳಿದ್ದೇವೆ. ಆದರೆ ನಾಟಕಕಾರನೆನಿಸಿಕೊಳ್ಳುವುದಕ್ಕೆ ಮುಂಚೆ ಅವನು ಹಲವು ವರ್ಷ ರಾತ್ರಿಯೆಲ್ಲ ಸಂಗೀತಸಭೆಗಳಲ್ಲಿಯೂ ಸಂಗೀತನಾಟಕಗಳಲ್ಲಿಯೂ ಕುಳಿತು, ಮರುದಿನ ಅವುಗಳ ಗುಣದೋಷವನ್ನು ಬರೆದು ಹೊಟ್ಟೆ ಹೊರೆದವನೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಆ ವರ್ಷಗಳನ್ನು ಬಿಟ್ಟು ಅವನ ನಾಟಕಗಳನ್ನು ಅರಿಯಲು ಹೊರಟರೆ, ಬೇರನ್ನು ಬಿಟ್ಟು ಮರವನ್ನು ಅರಿಯಲು ಹೊರಟಂತೆ ಆದೀತು.

ಷಾ ಹುಟ್ಟಿದ್ದು ಐರ್ಲೆಂಡಿನ ಡಬ್ಲಿನ್ ನಗರದಲ್ಲಿ, 1856ರ ಜುಲೈ 26ರಂದು. ತಂದೆ ಧಾನ್ಯದ ವ್ಯಾಪಾರಿ; ವ್ಯಾಪಾರ ಸೊರಗಿತ್ತು, ಕುಡಿತದ ಚಟವಿತ್ತು. ತಾಯಿ ಒಳ್ಳೆಯ ಕಂಠದ ಗಾಯಕಿ. ಆಕೆಗೆ ಸಂಗೀತ ಕಲಿಸುತ್ತಿದ್ದವನು ಜಾರ್ಜ್ ವ್ಯಾಂಡೆಲೂರ್ ಲೀ ಎಂಬ ಗಾನಗುರು, ವಾದ್ಯಮೇಳದ ನಿರ್ದೇಶಕ. ಕೆಲಕಾಲದಲ್ಲಿ ಅವನೂ ಷಾ ಕುಟುಂಬವೂ ಒಂದೇ ಮನೆಯಲ್ಲಿ ಬಾಳತೊಡಗಿದರು. ಲೀಯ ತಾಲೀಮುಗಳೆಲ್ಲ ಆ ಮನೆಯಲ್ಲಿಯೇ ನಡೆಯುತ್ತಿದ್ದುವು. ಹುಡುಗನಿಗೆ ಯಾರೂ ಕುಳ್ಳಿರಿಸಿಕೊಂಡು ಪಾಠ ಹೇಳಲಿಲ್ಲ. ಆದರೆ ಮೊಟ್ಸಾರ್ಟ್, ವರ್ಡಿ, ಡೋನಿಜೆಟ್ಟಿ ಮುಂತಾದವರ ಗೀತನಾಟಕಗಳು ಗೋಡೆಯಾಚೆಯಿಂದ ಅವನ ಕಿವಿಗೆ ಬೀಳುತ್ತಲೇ ಇದ್ದುವು. ನಮ್ಮಲ್ಲಿ ಭಜನೆಯ ಮನೆಯಲ್ಲಿ ಬೆಳೆದ ಮಗುವಿಗೆ ದೇವರನಾಮಗಳು ಬರುವಂತೆ ಅವನಿಗೆ ಆಪೆರಾ ಬಂದಿತು. ಇಡೀ ನಾಟಕ ಹಾಡಿನಿಂದಲೇ ನಡೆಯುವ ಆ ಪ್ರಪಂಚದಲ್ಲಿ ಕೋಪಕ್ಕೊಂದು ಸ್ವರ, ಕಪಟಕ್ಕೊಂದು ಸ್ವರ, ಪ್ರೇಮಕ್ಕೊಂದು ಸ್ವರ ಎಂಬುದನ್ನು ಅವನು ಅಕ್ಷರಾಭ್ಯಾಸದ ವಯಸ್ಸಿನಲ್ಲಿಯೇ ಕಂಡುಕೊಂಡನು.

1873ರಲ್ಲಿ ಲೀ ಲಂಡನ್ನಿಗೆ ಹೊರಟುಹೋದ. ತಾಯಿಯೂ ಹೆಣ್ಣುಮಕ್ಕಳೊಡನೆ ಅದೇ ನಗರಕ್ಕೆ ಹೋದಳು. ಹುಡುಗ ತಂದೆಯೊಡನೆ ಡಬ್ಲಿನ್ನಿನಲ್ಲಿ ಉಳಿದು, ಜಮೀನು ವ್ಯವಹಾರದ ಕಚೇರಿಯೊಂದರಲ್ಲಿ ಗುಮಾಸ್ತೆಗಿರಿ ಮಾಡುತ್ತಿದ್ದ. ಮನೆಯಲ್ಲಿ ಪಿಯಾನೊ ಇತ್ತು. ಅದನ್ನು ನುಡಿಸುವ ಕೈಗಳು ಹೊರಟುಹೋಗಿದ್ದುವು. ಸಂಗೀತವಿಲ್ಲದ ಆ ಮೌನ ತಡೆಯಲಾರದೆ ಅವನು ಪುಸ್ತಕವೊಂದನ್ನು ಇಟ್ಟುಕೊಂಡು ಸ್ವರಲಿಪಿಯನ್ನು ತಾನೇ ಕಲಿತನು. ಸರಳವಾದ ಸಾಧನೆಗಳಿಂದ ಆರಂಭಿಸುವ ತಾಳ್ಮೆ ಅವನಿಗಿರಲಿಲ್ಲ. ಮೊಟ್ಸಾರ್ಟನ ‘ಡಾನ್ ಜಿಯೋವಾನ್ನಿ’ಯ ಪೂರ್ವರಂಗದ ಸಂಗೀತಕ್ಕೇ ನೇರವಾಗಿ ಕೈಹಾಕಿದನು. ನೆರೆಯವರು ಪಟ್ಟ ಪಾಡನ್ನು ನಾವು ಊಹಿಸಿಕೊಳ್ಳಬಹುದು. ಆದರೆ ಮೂವತ್ತು ವರ್ಷಗಳ ಬಳಿಕ ಅದೇ ಸ್ವರಗಳು ಅವನ ಒಂದು ಮಹಾನಾಟಕದೊಳಗೆ ಬಂದು ಕುಳಿತುಕೊಳ್ಳಲಿದ್ದುವು.

1876ರಲ್ಲಿ ಷಾ ಲಂಡನ್ನಿಗೆ ಬಂದನು. ಅಲ್ಲಿ ಅವನಿಗೆ ದೊರೆತ ಮೊದಲ ಬರೆವಣಿಗೆಯೇ ಸಂಗೀತ ವಿಮರ್ಶೆ. ಅದೂ ಸ್ವಂತ ಹೆಸರಿನಲ್ಲಿ ಅಲ್ಲ. ‘ಹಾರ್ನೆಟ್’ ಎಂಬ ವಾರಪತ್ರಿಕೆಗೆ ವಿಮರ್ಶೆ ಬರೆಯುವ ಕೆಲಸ ಲೀಗೆ ಸಿಕ್ಕಿತ್ತು. ಬರೆಯುವವನು ಷಾ, ಹೆಸರು ಲೀಯದು. ಮುಂದೆ 1879ರಿಂದ 1883ರ ವರೆಗೆ ಅವನು ಒಂದರ ಮೇಲೊಂದು ಐದು ಕಾದಂಬರಿಗಳನ್ನು ಬರೆದನು. ಪ್ರಕಾಶಕರು ಒಂದಾದ ಮೇಲೊಂದರಂತೆ ಹಿಂದಿರುಗಿಸಿದರು. ತಾಯಿಯ ಸಂಗೀತಪಾಠದ ಸಂಪಾದನೆಯಲ್ಲಿ ಉಂಡು, ಹರಿದ ಅಂಗಿಯ ತೋಳನ್ನು ಕತ್ತರಿಸಿ ಒಪ್ಪ ಮಾಡಿಕೊಂಡು, ಅವನು ಹಗಲೆಲ್ಲ ಬ್ರಿಟಿಷ್ ಮ್ಯೂಸಿಯಂನ ವಾಚನಾಲಯದಲ್ಲಿ ಕಾಲ ಕಳೆಯುತ್ತಿದ್ದ. ವಿಲಿಯಂ ಆರ್ಚರ್ ಎಂಬ ನಾಟಕ ವಿಮರ್ಶಕನು ಅವನನ್ನು ಮೊದಲು ಕಂಡದ್ದು ಅಲ್ಲಿಯೇ. ಕೆಂಪು ಗಡ್ಡದ ಆ ಬಡ ತರುಣನ ಮುಂದೆ ಎರಡು ಗ್ರಂಥಗಳು ತೆರೆದಿದ್ದುವು: ಒಂದು ಮಾರ್ಕ್ಸನ ‘ಕ್ಯಾಪಿಟಲ್’, ಇನ್ನೊಂದು ವಾಗ್ನರನ ‘ಟ್ರಿಸ್ಟಾನ್’ ಗೀತನಾಟಕದ ಸ್ವರಲಿಪಿ. ಷಾನ ಮುಂದಿನ ಬಾಳೆಲ್ಲವೂ ಆ ಒಂದು ಮೇಜಿನ ಮೇಲೆ ಇತ್ತು ಎಂದರೆ ಅತಿಶಯೋಕ್ತಿಯಾಗಲಾರದು.

ಆರ್ಚರನ ನೆರವಿನಿಂದ ಪತ್ರಿಕೆಗಳ ಬಾಗಿಲು ತೆರೆಯಿತು. ಮೊದಲು ಪುಸ್ತಕಗಳ ವಿಮರ್ಶೆ, ಆಮೇಲೆ ಚಿತ್ರಕಲೆಯ ವಿಮರ್ಶೆ. 1888ರಲ್ಲಿ ‘ಸ್ಟಾರ್’ ಎಂಬ ಹೊಸ ಸಂಜೆಪತ್ರಿಕೆ ಹೊರಟಿತು. ಅದರ ಸಂಪಾದಕ ಟಿ. ಪಿ. ಓಕಾನರನು ಷಾನನ್ನು ರಾಜಕೀಯ ಲೇಖನಗಳಿಗೆಂದು ಕರೆದುಕೊಂಡ. ಆದರೆ ಷಾ ಸಮಾಜವಾದಿ. ಅವನ ಲೇಖನಗಳು ಸಂಪಾದಕನಿಗೆ ನುಂಗಲಾರದ ತುತ್ತಾದುವು. ಮನುಷ್ಯನನ್ನು ಬಿಡಲೂ ಮನಸ್ಸಿಲ್ಲ, ರಾಜಕೀಯಕ್ಕೆ ಬಿಡಲೂ ಧೈರ್ಯವಿಲ್ಲ. ಆಗ ಕಂಡ ಉಪಾಯವೆಂದರೆ ಯಾರಿಗೂ ಅಪಾಯವಿಲ್ಲದ ಸಂಗೀತದ ಅಂಕಣ! ವಾರಕ್ಕೆ ಎರಡು ಗಿನಿ ಸಂಬಳ. 1889ರ ಫೆಬ್ರವರಿಯಿಂದ ‘ಕೋರ್ನೊ ಡಿ ಬಸೆಟ್ಟೊ’ ಎಂಬ ಇಟಾಲಿಯನ್ ಹೆಸರಿನಲ್ಲಿ ಅವನು ಬರೆಯತೊಡಗಿದ. ಅದು ವ್ಯಕ್ತಿಯ ಹೆಸರಲ್ಲ, ಕ್ಲಾರಿಯೊನೆಟ್ಟಿನ ಬಳಗಕ್ಕೆ ಸೇರಿದ ಒಂದು ವಾದ್ಯದ ಹೆಸರು. ಓದುಗರು ಯಾವನೋ ವಿದೇಶಿ ಪಂಡಿತನೆಂದು ತಿಳಿಯಲಿ ಎಂಬ ತುಂಟತನ ಅದರಲ್ಲಿತ್ತು. ಅದರ ನಾದವನ್ನು ಮೊದಲೇ ಕೇಳಿದ್ದರೆ ಆ ಹೆಸರನ್ನು ಖಂಡಿತ ಇಟ್ಟುಕೊಳ್ಳುತ್ತಿರಲಿಲ್ಲವೆಂದು ಮುಂದೆ ಅವನೇ ಒಪ್ಪಿಕೊಂಡನು. ಅಷ್ಟು ಶೋಕಮಯ ನಾದ ಅದರದು.

1890ರ ಮೇ ತಿಂಗಳಲ್ಲಿ ‘ಸ್ಟಾರ್’ ಪತ್ರಿಕೆಯನ್ನು ಬಿಟ್ಟು ಅವನು ‘ವರ್ಲ್ಡ್’ ಎಂಬ ವಾರಪತ್ರಿಕೆಯನ್ನು ಸೇರಿದ. ಅಲ್ಲಿ ‘ಜಿ. ಬಿ. ಎಸ್.’ ಎಂಬ ಮೂರಕ್ಷರದ ಅಂಕಿತದಲ್ಲಿ 1894ರ ವರೆಗೆ ಬರೆದನು. ಈ ಬರಹಗಳನ್ನು ಇಂದು ಓದಿದಾಗ ಅಚ್ಚರಿಯಾಗುವುದು ಅವುಗಳ ಜೀವಂತಿಕೆಗೆ. ಅಂದಿನ ಹಾಡುಗಾರರಲ್ಲಿ ಬಹುಮಂದಿಯ ಹೆಸರೇ ನಮಗೆ ತಿಳಿಯದು. ಆ ಕಛೇರಿಗಳ ನಾದವೆಲ್ಲ ಗಾಳಿಯಲ್ಲಿ ಲೀನವಾಗಿಹೋಗಿದೆ. ಆದರೂ ವಿಮರ್ಶೆ ಉಳಿದಿದೆ. ಏಕೆಂದರೆ ಅವನು ಸಂಗೀತವನ್ನು ಸಂಗೀತಗಾರರಿಗಾಗಿ ವಿವರಿಸಲಿಲ್ಲ. ಸ್ವರಜ್ಞಾನವಿಲ್ಲದ ಸಾಮಾನ್ಯ ಓದುಗನನ್ನು ಪಕ್ಕದ ಕುರ್ಚಿಯಲ್ಲಿ ಕುಳ್ಳಿರಿಸಿಕೊಂಡು ಮಾತಾಡಿದನು.

ಪಾಂಡಿತ್ಯದ ಬರಿಯ ಪರಿಭಾಷೆಯನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಕಛೇರಿಯ ಕಾರ್ಯಕ್ರಮಪತ್ರಿಕೆಗಳಲ್ಲಿ ಅಂದಿನ ಪಂಡಿತರು ಒಂದು ರಾಗಖಂಡವು ಯಾವ ಶ್ರುತಿಯಲ್ಲಿ ಹುಟ್ಟಿ ಯಾವ ಶ್ರುತಿಗೆ ಹೊರಳಿತೆಂಬ ಲೆಕ್ಕವನ್ನು ಒಪ್ಪಿಸಿ ಅದನ್ನೇ ವಿಮರ್ಶೆಯೆನ್ನುತ್ತಿದ್ದರು. ಷಾ ಇದಕ್ಕೆ ಒಂದು ಮದ್ದು ಕಂಡುಹಿಡಿದ. ಹ್ಯಾಮ್ಲೆಟನ ಪ್ರಸಿದ್ಧ ಸ್ವಗತವನ್ನು ತೆಗೆದುಕೊಂಡು, ಅದರಲ್ಲಿ ಕ್ರಿಯಾಪದ ಎಲ್ಲಿದೆ, ಅವ್ಯಯ ಎಲ್ಲಿದೆ, ಯಾವ ಪದ ಎಷ್ಟು ಬಾರಿ ಮರಳಿತು ಎಂದು ಅದೇ ಗಾಂಭೀರ್ಯದಿಂದ ವಿಶ್ಲೇಷಿಸಿ ತೋರಿಸಿದನು. ಸಾವು ಬದುಕುಗಳ ನಡುವೆ ತೊಳಲುವ ರಾಜಕುಮಾರನ ಸಂಕಟ ಈ ಲೆಕ್ಕದಲ್ಲಿ ಎಲ್ಲಿ ಮಾಯವಾಯಿತೆಂದು ಓದುಗ ತಾನೇ ಕೇಳಿಕೊಳ್ಳುವಂತಾಯಿತು. ಕಾವ್ಯಪಾಠವೆಂದರೆ ಸಂಧಿಸಮಾಸಗಳ ಪಟ್ಟಿಯೆಂದು ನಂಬಿದ ಅಧ್ಯಾಪಕರೂ ವಿದ್ಯಾರ್ಥಿಗಳೂ ಇದನ್ನೊಮ್ಮೆ ಓದಬೇಕು. ನಾನು ಓದಿದಾಗ ನಗು ಬಂದಿತು. ನಗು ಮುಗಿದ ಮೇಲೆ ನನ್ನ ಹಳೆಯ ಪಾಠಗಳು ನೆನಪಾಗಿ ನಾಚಿಕೆಯೂ ಆಯಿತು.

ಅವನ ದೊಡ್ಡ ಹೋರಾಟ ನಡೆದದ್ದು ಸಂಗೀತನಾಟಕದ ರಂಗದ ಮೇಲೆ. ಅಂದು ಲಂಡನ್ನಿನ ಕಾವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಶ್ರೀಮಂತರು ನಾಟಕವನ್ನು ನೋಡುವುದಕ್ಕಿಂತ ಒಬ್ಬರನ್ನೊಬ್ಬರು ನೋಡುವುದಕ್ಕೆ ಬರುತ್ತಿದ್ದರು. ಅದರ ಹೆಸರೇ ‘ರಾಯಲ್ ಇಟಾಲಿಯನ್ ಆಪೆರಾ’. ಕೃತಿ ಜರ್ಮನ್ನಿನದಾಗಲಿ, ಫ್ರೆಂಚಿನದಾಗಲಿ, ಇಟಾಲಿಯನ್ನಿನಲ್ಲಿ ಹಾಡುವುದೇ ಅಲ್ಲಿನ ವಾಡಿಕೆ. ಖ್ಯಾತ ಗಾಯಕಿ ಬಂದು ಮುಂದೆ ನಿಂತು ತನ್ನ ಹಾಡು ಹಾಡುವಳು, ಹೂಗುಚ್ಛಗಳು ಬೀಳುವುವು, ಕಥೆ ಅಲ್ಲಿಯೇ ನಿಂತುಹೋಗುವುದು. ಕಂಪನಿ ನಾಟಕಗಳಲ್ಲಿ ‘ವನ್ಸ್ ಮೋರ್’ ಕೂಗಿಗೆ ಸತ್ತ ಪಾತ್ರವೂ ಎದ್ದು ಹಾಡುತ್ತಿದ್ದ ಕಥೆಗಳನ್ನು ಕೇಳಿದ ನಮಗೆ ಇದೇನೂ ಹೊಸತಲ್ಲ. ಷಾನ ವಾದ ಇಷ್ಟೆ: ಸಂಗೀತನಾಟಕ ಮೊದಲು ನಾಟಕ. ಅದರಲ್ಲಿ ಹಾಡು ಅಲಂಕಾರವಲ್ಲ, ಪಾತ್ರದ ಅಂತರಂಗ. ಆದ್ದರಿಂದ ರಂಗಸಜ್ಜು, ಅಭಿನಯ, ಮೇಳದವರ ತಾಲೀಮು ಎಲ್ಲವೂ ಗಾಯಕಿಯ ಕಂಠದಷ್ಟೇ ಮುಖ್ಯ. ಅವನು 1889ರಲ್ಲಿಯೇ ಜರ್ಮನಿಯ ಬೈರಾಯ್ಟಿಗೆ ಹೋಗಿ, ವಾಗ್ನರನು ಕಟ್ಟಿಸಿದ ರಂಗಮಂದಿರದಲ್ಲಿ ಕುಳಿತು ಇಂಥ ಪ್ರಯೋಗ ಸಾಧ್ಯವೆಂಬುದನ್ನು ಕಣ್ಣಾರೆ ಕಂಡು ಬಂದಿದ್ದನು. 1892ರಲ್ಲಿ ಕಾವೆಂಟ್ ಗಾರ್ಡನ್ನಿನ ಹೆಸರಿನಿಂದ ‘ಇಟಾಲಿಯನ್’ ಎಂಬ ಪದ ಬಿದ್ದುಹೋಯಿತು; ಅದೇ ವರ್ಷ ಗುಸ್ಟಾವ್ ಮಾಹ್ಲರ್ ಬಂದು ಅಲ್ಲಿ ವಾಗ್ನರನ ಕೃತಿಗಳನ್ನು ನಡೆಸಿಕೊಟ್ಟನು. ಕಾಲವೇ ಷಾನ ಕಡೆಗೆ ತಿರುಗುತ್ತಿತ್ತು.

ಅವನು ಎಡವಲಿಲ್ಲವೆಂದಲ್ಲ. ಬ್ರಾಮ್ಸ್‌ನಂಥ ಮಹಾ ಸಂಗೀತಕಾರನನ್ನು, ಅದರಲ್ಲಿಯೂ ಅವನ ‘ಜರ್ಮನ್ ರೆಕ್ವಿಯಂ’ ಕೃತಿಯನ್ನು, ಅವನು ಹಳಿದ ರೀತಿ ಅನ್ಯಾಯವಾದದ್ದು. ವಾಗ್ನರನ ಮೇಲಿನ ಮೋಹ ಅವನ ಕಿವಿಯನ್ನು ಒಂದು ಕಡೆಗೆ ಮುಚ್ಚಿತ್ತು. ಮುಪ್ಪಿನಲ್ಲಿ ಅವನೇ ಈ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡನು. ನಿಷ್ಪಕ್ಷಪಾತ ವಿಮರ್ಶೆಯೆಂಬುದರಲ್ಲಿ ಅವನಿಗೆ ನಂಬಿಕೆಯಿರಲಿಲ್ಲ. ಕೆಟ್ಟ ಪ್ರಯೋಗವನ್ನು ತನಗೆ ಮಾಡಿದ ಅವಮಾನವೆಂದೇ ಅವನು ಭಾವಿಸುತ್ತಿದ್ದ. ಇದು ಅಪಾಯದ ದಾರಿಯೆಂಬುದಕ್ಕೆ ಬ್ರಾಮ್ಸ್ ಸಾಕ್ಷಿ. ಆದರೆ ತಪ್ಪನ್ನು ಸ್ಪಷ್ಟವಾಗಿ ಹೇಳಿದವನು ಮಾತ್ರ ಅದನ್ನು ಸ್ಪಷ್ಟವಾಗಿ ಹಿಂತೆಗೆದುಕೊಳ್ಳಬಲ್ಲ. ಅತ್ತಲೂ ಇತ್ತಲೂ ಅಲ್ಲದ ಮಾತಾಡುವವನಿಗೆ ಆ ಭಾಗ್ಯವೂ ಇಲ್ಲ.

1895ರ ಜನವರಿಯಲ್ಲಿ ಅವನು ‘ಸ್ಯಾಟರ್‌ಡೆ ರಿವ್ಯೂ’ ಪತ್ರಿಕೆಗೆ ನಾಟಕ ವಿಮರ್ಶಕನಾದನು. ಷೇಕ್ಸ್‌ಪಿಯರನ ನಾಟಕಗಳನ್ನು ತನ್ನ ಅಭಿನಯಕ್ಕೆ ಬೇಕಾದಂತೆ ಕತ್ತರಿಸಿಕೊಳ್ಳುತ್ತಿದ್ದ ಮಹಾನಟ ಹೆನ್ರಿ ಅರ್ವಿಂಗನನ್ನು ಎದುರು ಹಾಕಿಕೊಂಡನು. ಇಬ್ಸೆನ್ನನ ನಾಟಕಗಳಿಗಾಗಿ ವಾದಿಸಿದನು. ಮೂರೂವರೆ ವರ್ಷ ವಾರವಾರವೂ ಬರೆದು ದಣಿದು, ಕಾಲಿನ ಕಾಯಿಲೆಯಿಂದ ನರಳುತ್ತ, 1898ರ ಮೇ ತಿಂಗಳಲ್ಲಿ ಆ ಪೀಠವನ್ನು ಮ್ಯಾಕ್ಸ್ ಬೀರ್‌ಬೋಮನಿಗೆ ಒಪ್ಪಿಸಿದನು. ಅದೇ ವರ್ಷ ವಾಗ್ನರನ ‘ರಿಂಗ್’ ನಾಟಕಚಕ್ರವನ್ನು ಕುರಿತ ‘ಪರ್ಫೆಕ್ಟ್ ವಾಗ್ನರೈಟ್’ ಹೊರಬಂದಿತು. ದೇವತೆಗಳೂ ಕುಬ್ಜರೂ ಬಂಗಾರಕ್ಕಾಗಿ ಕಾದಾಡುವ ಆ ಪುರಾಣದಲ್ಲಿ ಅವನು ಕಂಡದ್ದು ಬಂಡವಾಳಶಾಹಿಯ ಚರಿತ್ರೆಯನ್ನು. ವಾಚನಾಲಯದ ಮೇಜಿನ ಮೇಲಿದ್ದ ಆ ಎರಡು ಗ್ರಂಥಗಳು ಇಲ್ಲಿ ಒಂದಾದುವು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಈ ವಿಮರ್ಶಕನು ನಾಟಕಕಾರನಾದದ್ದು ವಿಮರ್ಶೆಯನ್ನು ಬಿಟ್ಟ ಮೇಲಲ್ಲ. ಅವನ ಮೊದಲ ನಾಟಕ ‘ವಿಡೋವರ್ಸ್ ಹೌಸಸ್’ ರಂಗವೇರಿದ್ದು 1892ರಲ್ಲಿ, ‘ಆರ್ಮ್ಸ್ ಅಂಡ್ ದಿ ಮ್ಯಾನ್’ 1894ರಲ್ಲಿ. ಎರಡೂ ಸಂಗೀತ ವಿಮರ್ಶೆಯ ಕಾಲದವು. ಅವನ ನಾಟಕಗಳಲ್ಲಿ ಬರಿಯ ವಾದವಿದೆ, ಕ್ರಿಯೆಯಿಲ್ಲವೆಂದು ದೂರುವವರು ಆ ವಾದದ ರಚನೆಯನ್ನು ಕಿವಿಗೊಟ್ಟು ಕೇಳಿಲ್ಲ. ಒಂದು ಪಾತ್ರ ದೀರ್ಘವಾಗಿ ಮಾತಾಡುತ್ತದೆ. ಇನ್ನೊಂದು ಅದನ್ನು ತಡೆಯುತ್ತದೆ. ಮೂರನೆಯದು ಬೇರೊಂದು ಸ್ಥಾಯಿಯಲ್ಲಿ ಬಂದು ಕೂಡುತ್ತದೆ. ಕೊನೆಗೆ ನಾಲ್ವರೂ ಒಟ್ಟಿಗೆ ಮಾತಿನ ಮೇಳ ಕಟ್ಟುತ್ತಾರೆ. ಇದು ಆಪೆರಾದ ಒಬ್ಬರ ಹಾಡು, ಇಬ್ಬರ ಹಾಡು, ನಾಲ್ವರ ಹಾಡುಗಳ ಕ್ರಮವೇ. ಮುಖ್ಯ ಪಾತ್ರಗಳಿಗೆ ನಟರನ್ನು ಆರಿಸುವಾಗ ಅವರ ಕಂಠಗಳು ಒಂದಕ್ಕೊಂದು ಭಿನ್ನವಾಗಿರಬೇಕು, ಹೆಣ್ಣುಗಂಡುಗಳಲ್ಲಿ ತಾರಸ್ಥಾಯಿಯ ಒಂದೊಂದು, ಮಂದ್ರಸ್ಥಾಯಿಯ ಒಂದೊಂದು ಕಂಠವಿರಬೇಕು ಎಂಬುದು ನಿರ್ದೇಶಕರಿಗೆ ಅವನು ಹೇಳಿದ ನಿಯಮ. ‘ಮ್ಯಾನ್ ಅಂಡ್ ಸೂಪರ್‌ಮ್ಯಾನ್’ ನಾಟಕದ ಮೂರನೆಯ ಅಂಕದಲ್ಲಿ ಡಾನ್ ಜುವಾನನು ನರಕದಲ್ಲಿ ಕುಳಿತು ಚರ್ಚಿಸುವ ಕನಸಿನ ದೃಶ್ಯ ಬರುತ್ತದೆ. ಅಲ್ಲಿ ರಂಗಸೂಚನೆಯ ನಡುವೆ ಸಂಗೀತದ ಸ್ವರಲಿಪಿಯೇ ಅಚ್ಚಾಗಿದೆ. ಅದು ಮೊಟ್ಸಾರ್ಟನ ‘ಡಾನ್ ಜಿಯೋವಾನ್ನಿ’. ಡಬ್ಲಿನ್ನಿನ ಒಂಟಿ ಹುಡುಗ ಪಿಯಾನೊ ಮೇಲೆ ತಡವರಿಸಿದ ಅದೇ ಕೃತಿ.

ಇಷ್ಟು ಸಂಗೀತಮಯವಾದ ನಾಟಕಗಳನ್ನು ಸಂಗೀತಕ್ಕೆ ಅಳವಡಿಸಲು ಅವನು ಒಪ್ಪಿದನೆ? ಇಲ್ಲಿದೆ ಈ ಬಾಳಿನ ವಿನೋದ. 1908ರಲ್ಲಿ ವಿಯೆನ್ನಾದಲ್ಲಿ ಆಸ್ಕರ್ ಸ್ಟ್ರಾಸ್ ಎಂಬಾತ ‘ಆರ್ಮ್ಸ್ ಅಂಡ್ ದಿ ಮ್ಯಾನ್’ ನಾಟಕದ ಕಥೆಯನ್ನು ಲಘುಸಂಗೀತನಾಟಕ ಮಾಡಿದನು. ತನ್ನ ಸಂಭಾಷಣೆಯನ್ನು ಬಳಸಬಾರದು, ಪಾತ್ರಗಳ ಹೆಸರನ್ನೂ ಬಳಸಬಾರದು, ಇದೊಂದು ವಿಡಂಬನೆಯೆಂದು ಸಾರಬೇಕು ಎಂದು ಷಾ ಷರತ್ತು ಹಾಕಿದ, ಗೌರವಧನವನ್ನೂ ಬಿಟ್ಟುಕೊಟ್ಟ. ‘ಚಾಕೊಲೇಟ್ ಸೋಲ್ಜರ್’ ಎಂಬ ಆ ನಾಟಕ ಲೋಕವನ್ನೇ ಗೆದ್ದಿತು. ಯುದ್ಧವೀರರ ಭ್ರಮೆಯನ್ನು ಒಡೆಯಲೆಂದು ಬರೆದ ನಾಟಕವೇ ಭ್ರಮೆಯ ಸಿಹಿತಿಂಡಿಯಾಯಿತು. ಅಂದಿನಿಂದ ಅವನು ಕೇಳಿದವರಿಗೆಲ್ಲ ಇಲ್ಲವೆಂದನು. ‘ಪಿಗ್ಮೇಲಿಯನ್’ ನಾಟಕಕ್ಕೆ ಸಂಗೀತ ಕೂಡಿಸಲು ಫ್ರಾಂಟ್ಸ್ ಲೆಹಾರ್‌ನಂಥವನು ಕೇಳಿದಾಗಲೂ ಉತ್ತರ ಅದೇ.

‘ಪಿಗ್ಮೇಲಿಯನ್’ ಅವನ ಮನಸ್ಸಿಗೆ ಬಹಳ ಹತ್ತಿರವಾದ ವಸ್ತು. ಬೀದಿಯಲ್ಲಿ ಹೂ ಮಾರುವ ಎಲಿಜಳಿಗೆ ಉಚ್ಚಾರಣೆಯನ್ನು ತಿದ್ದಿ, ಭಾಷಾಶಾಸ್ತ್ರಜ್ಞ ಹಿಗಿನ್ಸ್ ಅವಳನ್ನು ಸಿರಿವಂತರ ನಡುವೆ ನಿಲ್ಲಿಸುತ್ತಾನೆ. ಬರಿಯ ಸ್ವರಭೇದದಿಂದ ಮನುಷ್ಯರನ್ನು ಮೇಲು ಕೀಳೆಂದು ಎಣಿಸುವ ಸಮಾಜವನ್ನು ಕಿವಿಯುಳ್ಳವನು ಮಾತ್ರ ಹೀಗೆ ಹಿಡಿಯಬಲ್ಲ. ನಾಟಕದ ಕೊನೆಯಲ್ಲಿ ಎಲಿಜ ಹಿಗಿನ್ಸನನ್ನು ಬಿಟ್ಟು ಹೋಗುತ್ತಾಳೆ. ಶಿಲ್ಪಕ್ಕೆ ಜೀವ ಬಂದ ಮೇಲೆ ಅದು ಶಿಲ್ಪಿಯ ಸೊತ್ತಲ್ಲ ಎಂಬುದೇ ಅಲ್ಲಿನ ಧ್ವನಿ. ಪ್ರೇಕ್ಷಕರಿಗೆ ಮಾತ್ರ ಮದುವೆ ಬೇಕಾಗಿತ್ತು. 1914ರ ಲಂಡನ್ ಪ್ರಯೋಗದಲ್ಲಿ ಹಿಗಿನ್ಸನ ಪಾತ್ರ ಧರಿಸಿದ್ದ ಬೀರ್‌ಬೋಮ್ ಟ್ರೀ, ಪರದೆ ಬೀಳುವ ಮುನ್ನ ಎಲಿಜಳತ್ತ ಹೂಗೊಂಚಲನ್ನು ಎಸೆದು ಆ ಆಸೆಯನ್ನು ತಣಿಸುತ್ತಿದ್ದ. ಷಾ ಕೆರಳಿದ. 1916ರ ಮುದ್ರಣಕ್ಕೆ ಉತ್ತರಕಥೆಯೊಂದನ್ನು ಸೇರಿಸಿ, ಎಲಿಜ ಫ್ರೆಡ್ಡಿಯನ್ನು ಮದುವೆಯಾಗಿ ಹೂವಿನ ಅಂಗಡಿ ಇಟ್ಟಳೆಂದು ತೀರ್ಪು ಕೊಟ್ಟುಬಿಟ್ಟ.

1950ರ ನವೆಂಬರ್ 2ರಂದು, ತೊಂಬತ್ತನಾಲ್ಕರ ವಯಸ್ಸಿನಲ್ಲಿ, ಇಲ್ಲವೆನ್ನುವ ಆ ಬಾಯಿ ಮುಚ್ಚಿತು. ಆರು ವರ್ಷದೊಳಗೆ, 1956ರ ಮಾರ್ಚ್ 15ರಂದು, ಅಲನ್ ಜೇ ಲರ್ನರನ ಗೀತಗಳೂ ಫ್ರೆಡರಿಕ್ ಲೋ ಎಂಬವನ ಸಂಗೀತವೂ ಕೂಡಿದ ‘ಮೈ ಫೇರ್ ಲೇಡಿ’ ನ್ಯೂಯಾರ್ಕಿನಲ್ಲಿ ಆರಂಭವಾಯಿತು. ಒಟ್ಟು 2,717 ಪ್ರಯೋಗಗಳನ್ನು ಕಂಡಿತು. ಲರ್ನರನು ಷಾನ ಸಂಭಾಷಣೆಯನ್ನು ಆದಷ್ಟೂ ಉಳಿಸಿಕೊಂಡನು. ಹಿಗಿನ್ಸನಾಗಿ ನಟಿಸಿದ ರೆಕ್ಸ್ ಹ್ಯಾರಿಸನ್ ಗಾಯಕನಲ್ಲ. ಅವನು ಹಾಡುಗಳನ್ನು ಲಯಬದ್ಧವಾಗಿ ಆಡಿದನು, ಆಡುತ್ತಾಡುತ್ತ ಹಾಡಿನ ಅಂಚನ್ನು ಮುಟ್ಟಿದನು. ಷಾನ ಗದ್ಯದಲ್ಲಿ ಮೊದಲಿನಿಂದಲೂ ಸಂಗೀತ ಅಡಗಿತ್ತೆಂಬುದು ಹೀಗೆ ಅವನು ನಿಷೇಧಿಸಿದ ಪ್ರಯೋಗದಿಂದಲೇ ಸಿದ್ಧವಾಯಿತು. ಆದರೆ ಕೊನೆಯಲ್ಲಿ ಎಲಿಜ ಹಿಗಿನ್ಸನ ಮನೆಗೆ ಮರಳಿ ಬರುತ್ತಾಳೆ. ಅವನು ಕುರ್ಚಿಯಲ್ಲಿ ಒರಗಿ ತನ್ನ ಪಾದರಕ್ಷೆ ಎಲ್ಲಿ ಎಂದು ಕೇಳುತ್ತಾನೆ. ಷಾ ಹೆದರಿದ್ದು ಇದಕ್ಕೇ. ಸಂಗೀತ ಅವನ ಮಾತಿಗೆ ನ್ಯಾಯ ಸಲ್ಲಿಸಿತು, ಅವನ ಅರ್ಥಕ್ಕೆ ಅಲ್ಲ ಎಂಬುದೇ ನನ್ನ ಅಭಿಪ್ರಾಯ. ಹೂ ಮಾರುವ ಈ ಹುಡುಗಿ ಮುಂದೆ ಮರಾಠಿಯಲ್ಲಿ ಪು. ಲ. ದೇಶಪಾಂಡೆಯವರ ‘ತೀ ಫುಲರಾಣಿ’ಯಾಗಿ, ಕನ್ನಡದಲ್ಲಿ ಜಯಂತ ಕಾಯ್ಕಿಣಿಯವರ ‘ಸೇವಂತಿ ಪ್ರಸಂಗ’ವಾಗಿ ನಮ್ಮ ನಡುವೆಯೂ ಓಡಾಡಿದಳು. ಆಡುಮಾತಿನಿಂದ ಜನರನ್ನು ಅಳೆಯುವ ರೋಗ ಇಂಗ್ಲೆಂಡಿನದು ಮಾತ್ರವಲ್ಲವಷ್ಟೆ.

ಕೊನೆಯದಾಗಿ ಒಂದು ಸಂಗತಿ. ಷಾ ತನ್ನ ಉಯಿಲಿನಲ್ಲಿ ಆಸ್ತಿಯ ಉಳಿಕೆಯನ್ನು ಮೂರು ಸಂಸ್ಥೆಗಳಿಗೆ ಹಂಚಿದ್ದನು: ಬಾಲ್ಯದಲ್ಲಿ ಚಿತ್ರಗಳನ್ನು ನೋಡುತ್ತ ನಿಂತ ಐರ್ಲೆಂಡಿನ ನ್ಯಾಷನಲ್ ಗ್ಯಾಲರಿ, ನಟರನ್ನು ತಯಾರು ಮಾಡುವ ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಡ್ರಮಾಟಿಕ್ ಆರ್ಟ್, ಹಾಗೂ ಬ್ರಿಟಿಷ್ ಮ್ಯೂಸಿಯಂ. ‘ಮೈ ಫೇರ್ ಲೇಡಿ’ಯಿಂದ ಹರಿದು ಬಂದ ಗೌರವಧನ ಈ ಮೂರನ್ನೂ ತುಂಬಿಸಿತು, 2020ರ ಕೊನೆಗೆ ಇಂಗ್ಲೆಂಡಿನಲ್ಲಿ ಅವನ ಕೃತಿಸ್ವಾಮ್ಯ ಮುಗಿಯುವವರೆಗೂ ಆ ಹಕ್ಕು ನಡೆಯಿತು. ಹರಿದ ಅಂಗಿಯ ತರುಣ ಬಿಟ್ಟಿಯಾಗಿ ಕುಳಿತು ವಾಗ್ನರನ ಸ್ವರಲಿಪಿಯನ್ನು ಓದಿದ ಸ್ಥಳಕ್ಕೆ, ಅವನು ಬೇಡವೆಂದ ಸಂಗೀತನಾಟಕವೇ ಅವನ ಋಣವನ್ನು ಸಲ್ಲಿಸಿತು.

ರಾಜಶೇಖರನು ನೆನೆದ ಆ ಎರಡು ಕಲ್ಲುಗಳ ಉಪಮೆ ಸುಂದರವಾದುದೇ. ಆದರೆ ಷಾನ ಬಾಳನ್ನು ನೋಡಿದಾಗ ನನಗೆ ಹೀಗೆ ತೋರುತ್ತದೆ: ಒರೆಗಲ್ಲಿನ ಮೇಲೆ ಎಳೆದ ಪ್ರತಿಯೊಂದು ಚಿನ್ನವೂ ತನ್ನದೊಂದು ಗೆರೆಯನ್ನು ಅಲ್ಲಿ ಬಿಟ್ಟು ಹೋಗುತ್ತದೆ. ವರ್ಷಗಳು ಕಳೆದಂತೆ ಆ ಕಲ್ಲಿನ ಮೈಯೆಲ್ಲ ಚಿನ್ನದ ಗೆರೆ. ಇನ್ನು ಮುಂದೆ ಯಾವ ವಿದ್ಯಾರ್ಥಿಯಾದರೂ ‘ವಿಮರ್ಶಕ ತಾನೇಕೆ ಬರೆಯಬಾರದು’ ಎಂದು ಕೇಳಿದರೆ, ‘ಬರೆಯಬಹುದು; ಮೊದಲು ಅಷ್ಟು ಚೆನ್ನಾಗಿ ಕೇಳುವುದನ್ನು ಕಲಿತರೆ’ ಎಂದು ಹೇಳಬೇಕೆಂದಿದ್ದೇನೆ. ಆ ಮಾತು ಕೇಳಿದ ವಿದ್ಯಾರ್ಥಿಗೆ ಎಷ್ಟು ಅನ್ವಯಿಸುವುದೋ, ಹೇಳಿದ ಅಧ್ಯಾಪಕನಿಗೂ ಅಷ್ಟೇ.